ನೀಲಾಂಜನೆಯ ಪ್ರತಿರೂಪವೂ ಯಂತ್ರದ ಕಲ್ಪನೆಯೂ

ಕ್ರಿ.ಶ. 941ರಲ್ಲಿ ರಚಿತವಾದ ಆದಿಪುರಾಣದಲ್ಲಿ ಮಹಾಕವಿ ಪಂಪನು ಚಿತ್ರಿಸಿರುವ ನೀಲಾಂಜನೆಯ ನೃತ್ಯಪ್ರಸಂಗವನ್ನು ಅರಿಯದ ಶ್ರಾವಕರು ವಿರಳ. ಋಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ಆ ದೇವನರ್ತಕಿಯ ಆಯುಸ್ಸು ನೃತ್ಯದ ನಡುವೆಯೇ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳ ಪ್ರತಿರೂಪವನ್ನು ನಿರ್ಮಿಸಿ ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿದವನು ಆದಿದೇವನೊಬ್ಬನೇ, ಆ ಅರಿವೇ ಅವನ ವೈರಾಗ್ಯಕ್ಕೆ ಕಾರಣವಾಗುತ್ತದೆ.

ಈ ಪ್ರಸಂಗವನ್ನು ಇಂದು ಮತ್ತೊಮ್ಮೆ ಓದುವುದು ಅವಶ್ಯವಾಗಿದೆ. 2022ರಿಂದೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಜನಸಾಮಾನ್ಯರ ಕೈಗೆ ದೊರೆತು, ಕೇಳಿದೊಡನೆ ಪದ್ಯವನ್ನೂ ಪ್ರವಚನವನ್ನೂ ಚಿತ್ರವನ್ನೂ ಒದಗಿಸುತ್ತಿವೆ. ಪ್ರತಿರೂಪವನ್ನು ನಿರ್ಮಿಸಲು ಈಗ ಇಂದ್ರನೇ ಬೇಕಿಲ್ಲ. ಆದರೆ ಅದನ್ನು ಪ್ರತಿರೂಪವೆಂದು ಗುರುತಿಸುವ ಕಣ್ಣು ಸಮಾಜದಲ್ಲಿ ಉಳಿಯುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಜೈನ ಪರಂಪರೆಯು ಸಾಧನಗಳಿಗೆ ಎಂದೂ ವಿಮುಖವಾದುದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲಾ ಟೀಕೆಯು 1939ರಿಂದ 16 ಸಂಪುಟಗಳಲ್ಲಿ ಮುದ್ರಣಗೊಂಡು ವಿದ್ವಾಂಸರೆಲ್ಲರಿಗೂ ಲಭ್ಯವಾಯಿತು. ಓಲೆಯಾಗಲಿ ಅಚ್ಚಾಗಲಿ ಕವಿಯ ಕಲ್ಪನೆಯನ್ನು ಹೊತ್ತು ತಂದವು. ಅವು ಕವಿಯ ಸ್ಥಾನದಲ್ಲಿ ಕುಳಿತುಕೊಳ್ಳಲಿಲ್ಲ. ಈಗ ಬಂದಿರುವ ಸಾಧನದ ಸ್ವಭಾವ ಬೇರೆ. ಅಸಂಖ್ಯಾತ ಬರಹಗಳಲ್ಲಿಯೂ ಚಿತ್ರಗಳಲ್ಲಿಯೂ ಪದೇ ಪದೇ ಕಾಣುವ ವಿನ್ಯಾಸಗಳನ್ನು ಗ್ರಹಿಸಿ, ಅವುಗಳಿಗೆ ಅನುಗುಣವಾಗಿ ಮುಂದೇನು ಬರಬಹುದೆಂದು ಎಣಿಸಿ ಜೋಡಿಸುವುದು ಅದರ ಕ್ರಮ. ಆದಕಾರಣ ಎಲ್ಲೆಡೆ ಹೆಚ್ಚಾಗಿರುವುದರತ್ತ ಅದು ವಾಲುತ್ತದೆ. ಒಂದು ಸಂಪ್ರದಾಯದ ಸೂಕ್ಷ್ಮಭೇದವು ಸುಲಭವಾಗಿ ಅಳಿಸಿಹೋಗುತ್ತದೆ. ತೀರ್ಥಂಕರರ ಮಾತೆ ಕಂಡ ಸ್ವಪ್ನಗಳು ದಿಗಂಬರರಲ್ಲಿ 16, ಶ್ವೇತಾಂಬರರಲ್ಲಿ 14. ಸುಪಾರ್ಶ್ವನಾಥರಿಗೆ ಸಾಮಾನ್ಯವಾಗಿ ಐದು ಹೆಡೆ, ಪಾರ್ಶ್ವನಾಥರಿಗೆ ಏಳು. ಇಂತಹ ಭೇದವನ್ನು ತಿಳಿದವರು ಪರಿಶೀಲಿಸದಿದ್ದರೆ, ಮನೋಹರವಾದ ಚಿತ್ರವೇ ಮುಂದಿನ ಪೀಳಿಗೆಗೆ ತಪ್ಪು ಪಾಠವಾಗುತ್ತದೆ.

ಪಂಪನೂ ಕಥೆಯನ್ನು ಜಿನಸೇನಾಚಾರ್ಯರಿಂದ ಪಡೆದವನಲ್ಲವೇ, ಯಂತ್ರವು ಪಡೆದರೆ ದೋಷವೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಪಂಪನು ಪಡೆದುದನ್ನು ತನ್ನ ಬಾಳಿನ ಅನುಭವದಲ್ಲಿ ಕಾಯಿಸಿ ಕನ್ನಡಕ್ಕೆ ಎರಕ ಹೊಯ್ದನು. ಪಡೆದ ಅಸಲಿಗೆ ತನ್ನ ದುಡಿಮೆಯನ್ನು ಕೂಡಿಸಿ ಹಿಂದಿರುಗಿಸುವವನು ಋಣಮುಕ್ತನಾಗುತ್ತಾನೆ. ಯಂತ್ರಕ್ಕೆ ಆಯುಸ್ಸೂ ಇಲ್ಲ, ಅಗಲಿಕೆಯೂ ಇಲ್ಲ. ಅನಿತ್ಯತೆಯನ್ನು ಕುರಿತು ಅದು ಎಷ್ಟು ಪುಟಗಳನ್ನು ಬರೆದರೂ ಅಲ್ಲಿ ಅನಿತ್ಯಭಾವನೆ ಇರಲಾರದು. ದ್ವಾದಶಾನುಪ್ರೇಕ್ಷೆಗಳು ಪದೇ ಪದೇ ಚಿಂತಿಸಿ ಸ್ವಂತವಾಗಿಸಿಕೊಳ್ಳಬೇಕಾದವು. ಒಬ್ಬನ ಉಪವಾಸವನ್ನು ಮತ್ತೊಬ್ಬನು ಮಾಡಲಾಗದು, ಭಾವನೆಯೂ ಹಾಗೆಯೇ. ಕಲ್ಪನೆಯೆಂಬುದು ಕೇವಲ ಅಲಂಕಾರವಲ್ಲ, ಪರರ ನೋವನ್ನು ತನ್ನದೆಂದು ಭಾವಿಸುವ ಶಕ್ತಿ. ಅದು ಕುಂದಿದಲ್ಲಿ ಅಹಿಂಸೆಯ ಬೇರೇ ಒಣಗುತ್ತದೆ.

ಇನ್ನೊಂದು ಅಂಶವನ್ನೂ ಮರೆಯಲಾಗದು. ತಮ್ಮ ಕೃತಿಗಳನ್ನು ಅನುಮತಿಯಿಲ್ಲದೆ ಇಂತಹ ಯಂತ್ರಗಳ ಶಿಕ್ಷಣಕ್ಕೆ ಬಳಸಲಾಗಿದೆಯೆಂದು 2023ರ ಜನವರಿಯಲ್ಲಿ ಅಮೆರಿಕದಲ್ಲಿ ಮೂವರು ಚಿತ್ರಕಲಾವಿದರು ನ್ಯಾಯಾಲಯದ ಮೊರೆ ಹೊಕ್ಕರು. ಕಾನೂನಿನ ನಿರ್ಣಯ ಏನೇ ಆಗಲಿ, ಅಚೌರ್ಯಾಣುವ್ರತವನ್ನು ಪಾಲಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿಯೂ ಕರ್ಮವು ಅಂಟುವುದೆಂಬುದು ಜಿನಶಾಸನ. ಯಂತ್ರ ಮಾಡಿತೆಂದರೆ ಮಾಡಿಸಿದವರ ಹೊಣೆ ಕಳೆಯುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಯಂತ್ರವನ್ನು ಬಹಿಷ್ಕರಿಸಬೇಕಿಲ್ಲ. ಓಲೆಗ್ರಂಥಗಳ ಛಾಯಾಪ್ರತಿ, ಸೂಚಿ, ಲೆಕ್ಕಪತ್ರಗಳಿಗೆ ಅದರ ನೆರವು ಸ್ವಾಗತಾರ್ಹ. ಆದರೆ ಯಂತ್ರರಚಿತವಾದುದನ್ನು ಯಂತ್ರರಚಿತವೆಂದೇ ನಮೂದಿಸುವುದು ಸತ್ಯವ್ರತಕ್ಕೆ ಒಪ್ಪುವ ನಡೆ. ಪಾಠಶಾಲೆಯ ಮಕ್ಕಳು ಮರುದೇವಿಯ ಸ್ವಪ್ನಗಳನ್ನು ಮೊದಲು ಕಿವಿಯಿಂದ ಕೇಳಲಿ, ಬಳಿಕ ತಮ್ಮ ಕೈಯಿಂದಲೇ ಬರೆಯಲಿ. ಆನೆಯ ಸೊಂಡಿಲು ಸೊಟ್ಟಗಾದರೂ ಚಿಂತೆಯಿಲ್ಲ. ಆ ಆನೆಯನ್ನು ಕಂಡದ್ದು ಆ ಮಗುವಿನ ಮನಸ್ಸು.