ಕುದುರೆಯ ಪಾಲಿನ ಸ್ಪ್ರಿಂಗು

18ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಒಂಟಿ ಕುದುರೆಯ ಒಂದು ಬಗೆಯ ಗಾಡಿ ಓಡಾಡುತ್ತಿತ್ತು. ಅದರ ಹಲಗೆಯ ಮೇಲೆ ಮಾಲೀಕನ ಹೆಸರಿನ ಜೊತೆಗೆ ‘ಟ್ಯಾಕ್ಸ್ಡ್ ಕಾರ್ಟ್’ ಎಂಬ ಎರಡು ಪದಗಳನ್ನು ಬರೆಸಿರಬೇಕು ಎಂದು ಕಾಯ್ದೆಯೇ ಹೇಳಿತ್ತು. ಸಿರಿವಂತರ ಸಾರೋಟಿಗೆ ಬೀಳುತ್ತಿದ್ದಷ್ಟು ತೆರಿಗೆ ಈ ಗಾಡಿಗೆ ಇರಲಿಲ್ಲ, ಸ್ವಲ್ಪದರಲ್ಲೇ ಮುಗಿಯುತ್ತಿತ್ತು. ರೈತ, ಸಣ್ಣ ವ್ಯಾಪಾರಿ ಬದುಕಿಕೊಳ್ಳಲಿ ಎಂಬ ರಿಯಾಯಿತಿ ಅದು. ಆದರೆ ಷರತ್ತುಗಳಿದ್ದವು. ಗಾಡಿಯ ಬೆಲೆ ಗೊತ್ತುಮಾಡಿದ ಮಿತಿಯನ್ನು ದಾಟಬಾರದು, ಒಳಗೆ ಬಟ್ಟೆಯ ಅಸ್ತರಿ ಇರಬಾರದು, ಸ್ಪ್ರಿಂಗು ಇರಬಾರದು.

ಅಸ್ತರಿ ಮತ್ತು ಸ್ಪ್ರಿಂಗು ಒಂದೇ ಸಾಲಿನಲ್ಲಿ. ನನ್ನ ತಕರಾರೆಲ್ಲ ಆ ಸಾಲಿನ ಮೇಲೆಯೇ.

ಸ್ಪ್ರಿಂಗು ಎಂದರೆ ಕೂತವರ ಸುಖ ಎಂಬ ನಂಬಿಕೆ ಆ ಕಾಯ್ದೆಯ ಜೊತೆಗೆ ಸಾಯಲಿಲ್ಲ. ಕುದುರೆಗಾಡಿಯ ಚರಿತ್ರೆಯನ್ನು ಹೇಳುವವರು ಇಂದಿಗೂ ಅದೇ ದಾರಿ ಹಿಡಿಯುತ್ತಾರೆ. ಮೊದಲು ಮೂಳೆ ಮುರಿಯುವ ಬಂಡಿ, ಆಮೇಲೆ ಚರ್ಮದ ಪಟ್ಟಿಗೆ ತೂಗುಹಾಕಿದ ತೊಟ್ಟಿಲು, ಆಮೇಲೆ ಉಕ್ಕಿನ ಸ್ಪ್ರಿಂಗು, ಕೊನೆಗೆ ಮೋಟಾರು ಕಾರು. ಹಂತಹಂತವಾಗಿ ಮನುಷ್ಯನ ಬೆನ್ನಿಗೆ ಆರಾಮ ಸಿಕ್ಕಿತು ಎಂಬುದೇ ಕಥೆ. ಈ ಕಥೆಯಲ್ಲಿ ಕುದುರೆ ಚಿತ್ರದ ಅಂಚಿನಲ್ಲಿ ನಿಂತಿರುತ್ತದೆ. ನಾನು ಹೇಳುವುದಿಷ್ಟು: ಸ್ಪ್ರಿಂಗಿನ ಮೊದಲ ಫಲಾನುಭವಿ ಕುದುರೆ. ಅದರ ನಂತರ ರಸ್ತೆ, ಗಾಲಿ, ಹೇರಿದ ಸರಕು. ಸೀಟಿನ ಮೇಲೆ ಕೂತವನ ಸರದಿ ಕೊನೆಯದು. ಇದನ್ನು ತಲೆಕೆಳಗು ಮಾಡಿಕೊಂಡಿದ್ದರಿಂದಲೇ ಸ್ಪ್ರಿಂಗು ಎಲ್ಲಿ ಹೆಚ್ಚು ಬೇಕಿತ್ತೋ ಅಲ್ಲಿಗೆ, ಅಂದರೆ ಭಾರ ಹೊರುವ ಗಾಡಿಗೆ, ಬಹಳ ತಡವಾಗಿ ತಲುಪಿತು.

ಒಂದು ಲೆಕ್ಕ ನೋಡೋಣ. ಎರಡು ಗಾಲಿಯ ಗಾಡಿ, ಒಟ್ಟು ಭಾರ 1000 ಕಿಲೋ, ಗಾಲಿಯ ಎತ್ತರ 1 ಮೀಟರ್. ದಾರಿಯಲ್ಲಿ 5 ಸೆಂಟಿಮೀಟರ್ ಎತ್ತರದ ಒಂದು ಕಲ್ಲು. ಸ್ಪ್ರಿಂಗಿಲ್ಲದ ಗಾಡಿಯ ಒಂದು ಗಾಲಿ ಅದನ್ನು ಹತ್ತಬೇಕಾದರೆ ಹೆಚ್ಚುಕಡಿಮೆ ಅರ್ಧ ಭಾರ ಅಷ್ಟೆತ್ತರಕ್ಕೆ ಏಳಬೇಕು. 25 ಕಿಲೋ ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತುವಷ್ಟು ಕೆಲಸ ಅದು, ಒಂದೇ ಕಲ್ಲಿಗೆ. ಅದಕ್ಕಿಂತ ಕೆಟ್ಟದ್ದು ತಾಕುವ ಆ ಕ್ಷಣ. ನೆಲಕ್ಕೆ ಸಮನಾಗಿ ಸಾಗುತ್ತಿದ್ದ ಗಾಲಿಯ ಅಚ್ಚು ಕಲ್ಲಿಗೆ ತಾಕಿದ ಕೂಡಲೇ ಸುಮಾರು 26 ಡಿಗ್ರಿ ಮೇಲಕ್ಕೆ ತಿರುಗಬೇಕು, ಜೊತೆಗೆ ಅದರ ಮೇಲಿರುವ ಭಾರವೆಲ್ಲ ತಿರುಗಬೇಕು. ತಿರುಗಲು ಒಪ್ಪದ ಭಾರ ಹಿಂದಕ್ಕೆ ಒದೆಯುತ್ತದೆ. ಆ ಒದೆತ ಮೂಕಿಯ ಮೂಲಕ, ಜಗ್ಗುಪಟ್ಟಿಯ ಮೂಲಕ ನೇರವಾಗಿ ಕುದುರೆಯ ಹೆಗಲಿಗೆ ಬಡಿಯುತ್ತದೆ. ಗಾಡಿ ಕಲ್ಲಿನಿಂದ ಇಳಿಯುವಾಗಲಾದರೂ ಎತ್ತಿದ ಕೆಲಸ ವಾಪಸು ಬರುತ್ತದೆಯೇ ಎಂದರೆ, ಅದರ ಬಹುಪಾಲು ಸದ್ದಾಗಿ, ಪುಡಿಯಾದ ಜಲ್ಲಿಯಾಗಿ, ಸಡಿಲಗೊಂಡ ಅರಗಳಾಗಿ ಹೋಗುತ್ತದೆ.

ನಡುವೆ ಸ್ಪ್ರಿಂಗಿದ್ದರೆ ತಟ್ಟನೆ ತಿರುಗಬೇಕಾದದ್ದು ಗಾಲಿ ಮತ್ತು ಅಚ್ಚು ಮಾತ್ರ. ಮೇಲಿನ ಭಾರ ತನ್ನ ದಾರಿಯಲ್ಲಿ ಸಾಗುತ್ತಿರುತ್ತದೆ. ಸ್ಪ್ರಿಂಗಿನಿಂದ ಕೆಲಸ ಮಾಯವಾಗುವುದಿಲ್ಲ. ಗಾಲಿ ಹತ್ತುವಾಗ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳು ಬಾಗಿ ಸಾಲ ಪಡೆಯುತ್ತವೆ, ಇಳಿಯುವಾಗ ಗಾಲಿಯನ್ನು ಕೆಳಕ್ಕೂ ಮುಂದಕ್ಕೂ ಒತ್ತಿ ಸಾಲದ ಬಹುಪಾಲು ತೀರಿಸುತ್ತವೆ. ಕೂತವನ ಸೊಂಟಕ್ಕೆ ಸಿಗುವ ಆರಾಮ ಈ ಕೊಡುಕೊಳ್ಳುವಿಕೆಯಲ್ಲಿ ಉಳಿದ ಚಿಲ್ಲರೆ.

ಇದನ್ನು ಚೆನ್ನಾಗಿ ಅರಿತಿದ್ದವನು ರಿಚರ್ಡ್ ಲೋವೆಲ್ ಎಜ್‌ವರ್ತ್. ಐರ್ಲೆಂಡಿನ ಜಮೀನುದಾರ, ಕಾದಂಬರಿಕಾರ್ತಿ ಮರಾಯಾ ಎಜ್‌ವರ್ತಳ ತಂದೆ, ಬರ್ಮಿಂಗ್‌ಹ್ಯಾಮಿನ ಲೂನಾರ್ ಸೊಸೈಟಿಯ ಗೆಳೆಯರ ಬಳಗದವನು. ರಸ್ತೆ ಮತ್ತು ಗಾಡಿಗಳ ರಚನೆಯ ಕುರಿತು ಅವನು ಬರೆದ ಪುಸ್ತಕ 1813ರಲ್ಲಿ ಹೊರಬಂತು. ಸ್ಪ್ರಿಂಗು ಎಳೆತವನ್ನು ಹಗುರ ಮಾಡುತ್ತದೆ, ಆದ್ದರಿಂದ ಸರಕಿನ ಗಾಡಿಗೂ ಅದು ಬೇಕು ಎಂಬುದು ಅವನ ವಾದವಾಗಿತ್ತು. ಆದರೆ ಆ ಕಾಲದ ಸರ್ಕಾರದ ಕಣ್ಣು ಇನ್ನೆಲ್ಲೋ ನೆಟ್ಟಿತ್ತು. 1753ರ ಅಗಲ ಗಾಲಿಗಳ ಕಾಯ್ದೆ, ಸುಂಕದ ರಸ್ತೆಗಳಲ್ಲಿ ಓಡುವ ಭಾರೀ ಗಾಡಿಗಳಿಗೆ 9 ಅಂಗುಲ ಅಗಲದ ಗಾಲಿ ಬೇಕೆಂದಿತ್ತು. ಅಗಲ ಗಾಲಿ ರೋಲರಿನಂತೆ ರಸ್ತೆಯನ್ನು ಸಮ ಮಾಡುತ್ತದೆ ಎಂಬ ಎಣಿಕೆ. ಗಾಲಿಯ ಅಗಲ ಹೆಚ್ಚಿದಂತೆ ಅದರ ತೂಕವೂ ಹೆಚ್ಚಿತು, ಎಳೆಯುವ ಕುದುರೆಗೆ ಇನ್ನಷ್ಟು ಭಾರ. ರಸ್ತೆಯನ್ನು ಕಾಪಾಡಲು ಗಾಲಿಯ ಅಗಲವನ್ನು ಅಳೆದವರು, ಅದೇ ರಸ್ತೆಯನ್ನು ಕಾಪಾಡಬಲ್ಲ ಸ್ಪ್ರಿಂಗಿಗೆ ತೆರಿಗೆ ಹಾಕಿದರು. ತೆರಿಗೆ ತಪ್ಪಿಸಿಕೊಳ್ಳಲು ಹಗುರ ಗಾಡಿಗಳಿಗೆ ಉಕ್ಕಿನ ಬದಲು ಮರದ ಸ್ಪ್ರಿಂಗು ಕಟ್ಟಿಸಿಕೊಂಡವರೂ ಇದ್ದರು. ಸುಖಕ್ಕಾಗಿ ಮಾತ್ರ ಅಷ್ಟು ಪಾಡು ಪಟ್ಟರೆಂದು ನನಗನ್ನಿಸುವುದಿಲ್ಲ. ಗಾಡಿ ಓಡಿಸುವವನ ಕೈಗೆ ಲಗಾಮಿನಲ್ಲೇ ತಿಳಿಯುತ್ತದೆ, ಕುದುರೆ ಎಷ್ಟು ಬೇಗ ದಣಿಯುತ್ತಿದೆ ಎಂದು.

ಇನ್ನು ಒಬದಾಯ ಎಲಿಯಟ್. ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಈ ಸಾರೋಟು ತಯಾರಕ 1804-05ರ ಹೊತ್ತಿಗೆ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಎರಡು ಬಿಲ್ಲುಗಳನ್ನು ಎದುರುಬದುರಾಗಿ ತುದಿಗೆ ತುದಿ ಸೇರಿಸಿದಂತಿರುವ ರಚನೆ. ಸುಖದ ಚರಿತ್ರೆ ಬರೆಯುವವರಿಗೆ ಇವನೇ ನಾಯಕ. ಆದರೆ ಅವರ ಅಳತೆಗೋಲಿನಲ್ಲೇ ಅಳೆದರೆ ಎಲಿಯಟ್ ಒಂದು ಹೆಜ್ಜೆ ಹಿಂದಿಟ್ಟವನು. ಅವನಿಗಿಂತ ಮುಂಚಿನ ‘ಸಿ’ ಆಕಾರದ ಸ್ಪ್ರಿಂಗು ಮತ್ತು ಅದಕ್ಕೆ ಬಿಗಿದ ಚರ್ಮದ ಪಟ್ಟಿಗಳಲ್ಲಿ ತೂಗುತ್ತಿದ್ದ ಸಾರೋಟೇ ಹೆಚ್ಚು ಮೆತ್ತಗಿತ್ತು. ಅದಕ್ಕೇ ದರ್ಬಾರಿನ ಸಾರೋಟುಗಳು ಎಲಿಯಟ್ ಬಂದ ಎಷ್ಟೋ ದಶಕಗಳ ಮೇಲೂ ಆ ಹಳೆಯ ಏರ್ಪಾಡನ್ನು ಬಿಡಲಿಲ್ಲ. ಹಾಗಿದ್ದರೆ ಎಲಿಯಟ್ ಮಾಡಿದ್ದೇನು? ಹಳೆಯ ಸಾರೋಟಿನಲ್ಲಿ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಕೂಡಿಸಲು ತಳದಲ್ಲಿ ಒಂದು ಉದ್ದನೆಯ ಭಾರೀ ತೊಲೆ ಇರುತ್ತಿತ್ತು. ಅವನ ಸ್ಪ್ರಿಂಗು ಅಚ್ಚಿನ ಮೇಲೆ ನೇರವಾಗಿ ಕೂತು ಗಾಡಿಯ ಮೈಯನ್ನು ಹೊತ್ತುಕೊಂಡಿತು. ಮೈಯೇ ತೊಲೆಯ ಕೆಲಸ ಮಾಡಿತು. ತೊಲೆ ಹೋಯಿತು, ಅದರ ತೂಕ ಹೋಯಿತು, ಗಾಡಿ ತಗ್ಗಿತು. ನಾಲ್ಕು ಕುದುರೆ ಎಳೆಯುತ್ತಿದ್ದ ಕಡೆ ಎರಡು, ಎರಡಿದ್ದ ಕಡೆ ಒಂದು ಸಾಕಾಗುವಂಥ ಹಗುರ ಗಾಡಿಗಳು ಸಾಧ್ಯವಾದದ್ದು ಹೀಗೆ. ಕೂತವರ ಸುಖದಲ್ಲಿ ತುಸು ಕಡಿಮೆಯಾಗಿ ಕುದುರೆಯ ಭಾರ ಇಳಿದದ್ದನ್ನು ನಾವು ಸುಖದ ಗೆಲುವು ಎಂದು ಓದುತ್ತ ಬಂದಿದ್ದೇವೆ.

ನನ್ನ ವಾದಕ್ಕೆ ಎದುರು ನಿಲ್ಲುವ ಗಟ್ಟಿ ಮಾತೊಂದಿದೆ. ಸರಕಿನ ಗಾಡಿ ನಡಿಗೆಯ ವೇಗದಲ್ಲಿ ಮಣ್ಣಿನ ದಾರಿಯಲ್ಲಿ ಸಾಗುವಂಥದ್ದು, ಅಲ್ಲಿ ಸ್ಪ್ರಿಂಗಿನಿಂದ ಏನು ಲಾಭ ಎಂಬ ಪ್ರಶ್ನೆ. ಇದು ಹುರುಳಿಲ್ಲದ ಪ್ರಶ್ನೆಯಲ್ಲ. ಫ್ರಾನ್ಸಿನ ಸೇನಾ ಎಂಜಿನಿಯರ್ ಆರ್ಥರ್ ಮೊರೆನ್ 1830ರ ದಶಕದ ಕೊನೆಯಿಂದ ಗಾಡಿಗಳ ಎಳೆತವನ್ನು ಉಪಕರಣವಿಟ್ಟು ಅಳೆದ. ಮೆತ್ತನೆಯ ನೆಲದಲ್ಲಿ ವೇಗ ಹೆಚ್ಚಿದರೂ ಎಳೆತ ಅಷ್ಟಾಗಿ ಹೆಚ್ಚುವುದಿಲ್ಲ. ಗಟ್ಟಿ ರಸ್ತೆಯಲ್ಲಿ, ಕಲ್ಲುಹಾಸಿನ ಬೀದಿಯಲ್ಲಿ ವೇಗದ ಜೊತೆಗೆ ಎಳೆತವೂ ಏರುತ್ತದೆ, ಗಾಡಿ ಬಿಗಿಯಾಗಿದ್ದಷ್ಟೂ ಹೆಚ್ಚು ಏರುತ್ತದೆ ಎಂದು ಅವನಿಗೆ ಕಂಡುಬಂತು. ಕಾರಣವೂ ಸರಳ. ನಿಧಾನವಾಗಿ ಹತ್ತಿದರೆ ಗಾಡಿಯ ಮೈಗೂ ಏಳಲು ಪುರಸೊತ್ತು ಸಿಗುತ್ತದೆ, ಆಗ ಸ್ಪ್ರಿಂಗಿಗೆ ಕೆಲಸವಿಲ್ಲ. ಹಾಗಾಗಿ ಉತ್ತ ಹೊಲದಲ್ಲಿ ಗೊಬ್ಬರ ಹೊರುವ ಬಂಡಿಗೆ ಸ್ಪ್ರಿಂಗು ಹಾಕಿಸಿ ಎಂದು ನಾನು ಹೇಳಲಾರೆ. ಆದರೆ ಅದೇ ಮೊರೆನ್, ಸ್ಪ್ರಿಂಗಿಲ್ಲದ ಗಾಡಿ ಸ್ಪ್ರಿಂಗಿರುವ ಗಾಡಿಗಿಂತ ರಸ್ತೆಯನ್ನು ಹೆಚ್ಚು ಕೆಡಿಸುತ್ತದೆ ಎಂದೂ ತೋರಿಸಿದ. ಪೇಟೆಯ ಕಲ್ಲುಬೀದಿಯಲ್ಲಿ ಹೇರು ಹೊತ್ತು ಓಡುವ ಗಾಡಿಯ ವಿಷಯದಲ್ಲಿ ಎದುರುವಾದಿಗಳ ಬಳಿ ಉತ್ತರವಿರಲಿಲ್ಲ. ಹೊಲದ ಬಂಡಿಯ ನ್ಯಾಯವನ್ನೇ ಪೇಟೆಯ ಗಾಡಿಗೂ ಹಚ್ಚಿ ಅವರು ಸುಮ್ಮನಾದರು. ಆ ಅನ್ಯಾಯವನ್ನು ಹೆಗಲ ಮೇಲೆ ಹೊತ್ತ ಕುದುರೆಗಳಿಗೆ ಲೆಕ್ಕವಿಲ್ಲ.

ಮೆತ್ತಗಾದಷ್ಟೂ ಒಳ್ಳೆಯದು ಎಂಬ ಇನ್ನೊಂದು ತಪ್ಪೂ ಇದೇ ನಂಬಿಕೆಯ ಹೊಟ್ಟೆಯಿಂದ ಹುಟ್ಟಿದ್ದು. 1790ರ ದಶಕದಲ್ಲಿ ಫ್ರೆಂಚ್ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಗಾಯಾಳುಗಳನ್ನು ರಣರಂಗದಿಂದ ಬೇಗ ಸಾಗಿಸಲು ಹಗುರ ಗಾಡಿಗಳನ್ನು ಕಟ್ಟಿಸಿದ. ಬಯಲು ನೆಲಕ್ಕೆ ಎರಡು ಗಾಲಿ, ಬೆಟ್ಟದ ಸೀಮೆಗೆ ನಾಲ್ಕು. ನೆಲ ನೋಡಿ ಗಾಡಿ ಮಾಡಿದ ಆ ವಿವೇಕ ಮುಂದೆ ಅಮೆರಿಕದಲ್ಲಿ ಮರೆತುಹೋಯಿತು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಅಲ್ಲಿನ ಸೇನೆ ಎರಡು ಗಾಲಿಯ ಸ್ಪ್ರಿಂಗು ಗಾಡಿಯನ್ನೇ ಹೆಚ್ಚಾಗಿ ನೆಚ್ಚಿತ್ತು. ಗಾಯಾಳುಗಳ ಸುಖಕ್ಕೆಂದೇ ಸ್ಪ್ರಿಂಗು. ಆದರೆ ಕುದುರೆಯ ಪ್ರತಿ ಹೆಜ್ಜೆಗೂ ಆ ಗಾಡಿ ಹಿಂದೆಮುಂದೆ ತೂಗಿ, ಅಡ್ಡಡ್ಡ ವಾಲಿ, ಮುರಿದ ಕಾಲಿನವರಿಗೆ ನರಕ ತೋರಿಸಿತು. ಯುದ್ಧ ಮುಗಿಯುವುದರೊಳಗೆ ನಾಲ್ಕು ಗಾಲಿಯ ಗಾಡಿಗಳೇ ಅದರ ಜಾಗಕ್ಕೆ ಬಂದವು. ಎರಡು ಗಾಲಿಯ ಗಾಡಿಗೆ ಕುದುರೆಯ ಬೆನ್ನೇ ಮೂರನೆಯ ಆಸರೆ. ಹೆಜ್ಜೆಯ ಲಯವೂ ಸ್ಪ್ರಿಂಗಿನ ಲಯವೂ ಕೂಡಿಕೊಂಡರೆ ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ ಸ್ಪ್ರಿಂಗಿನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಈ ತೂಗಾಟ ತಗ್ಗುತ್ತದೆ. ನಯವಾಗಲಿ ಎಂದು ಗ್ರೀಸು ಮೆತ್ತಿ ಆ ಉಜ್ಜಾಟವನ್ನೇ ಇಲ್ಲವಾಗಿಸುವವರು, ತುಕ್ಕು ಹಿಡಿಯಲು ಬಿಟ್ಟು ಪಟ್ಟಿಗಳನ್ನು ಒಂದೇ ಗಡ್ಡೆ ಮಾಡುವವರು, ಇಬ್ಬರೂ ಕುದುರೆಗೆ ದ್ರೋಹ ಮಾಡುತ್ತಾರೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾಂಕರ್ಡ್ ಊರಿನಲ್ಲಿ ಅಬಟ್ ಮತ್ತು ಡೌನಿಂಗ್ 1827ರಿಂದ ಕಟ್ಟಿದ ಕಾಂಕರ್ಡ್ ಕೋಚು ಇಲ್ಲಿ ನೆನಪಾಗಬೇಕು. ಉಕ್ಕಿನ ಸ್ಪ್ರಿಂಗು ಗೊತ್ತಿದ್ದೂ ಅವರು ದಪ್ಪ ಚರ್ಮದ ಪಟ್ಟಿಗಳಿಗೆ ಮರಳಿದರು. ಇದನ್ನು ಹಿಂದುಳಿದ ತಂತ್ರ ಎನ್ನುವವರಿದ್ದಾರೆ. ಆ ನಾಡಿನ ದಾರಿಗಳಿಗೆ ಉಕ್ಕಿನ ಪಟ್ಟಿ ಬಾಳುತ್ತಿರಲಿಲ್ಲ ಎಂಬುದು ಒಂದು ಕಾರಣ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಗಾಲಿ ಗುಂಡಿಯಲ್ಲಿ ತಡೆದು ನಿಂತಾಗ ಚರ್ಮದಲ್ಲಿ ತೂಗುವ ಮೈ ಮುಂದಕ್ಕೆ ಜೀಕುತ್ತದೆ, ಆ ಜೀಕಿನ ಬಲ ಗಾಲಿಯನ್ನು ಗುಂಡಿಯಿಂದ ಎತ್ತಲು ನೆರವಾಗುತ್ತದೆ. ಕೂತವರಿಗೆ ಹಡಗಿನಲ್ಲಿ ಹೋದಂತೆ ಹೊಟ್ಟೆ ತೊಳಸುತ್ತಿದ್ದರೂ ಕುದುರೆಗಳ ಹೆಗಲಿಗೆ ಧಕ್ಕೆ ತಗ್ಗುತ್ತಿತ್ತು.

ನಮ್ಮ ಕಡೆಯ ಮಾತಿಗೆ ಬಂದರೆ, ಬೆಂಗಳೂರು ಮೈಸೂರಿನ ಜಟಕಾಗಳಿಗೆ ಸ್ಪ್ರಿಂಗಿತ್ತು, ಹೇರು ಹೊರುವ ಎತ್ತಿನ ಗಾಡಿಗೆ ಇರಲಿಲ್ಲ. ಅಲ್ಲಿ ಜನ, ಇಲ್ಲಿ ಮೂಟೆ ಎಂಬ ಅದೇ ವಿಂಗಡಣೆ. ಹಳೆಯ ಎತ್ತಿನ ಬಂಡಿಯ ಆಳೆತ್ತರದ ಗಾಲಿ ಸ್ವಲ್ಪಮಟ್ಟಿಗೆ ಸ್ಪ್ರಿಂಗಿನ ಕೆಲಸವನ್ನೇ ಮಾಡುತ್ತಿತ್ತು ಎಂಬುದನ್ನು ನಮ್ಮ ಬಡಗಿಗಳ ಜಾಣತನಕ್ಕೆ ಸಲ್ಲಿಸಬೇಕು: ಮೇಲಿನ ಲೆಕ್ಕದಲ್ಲಿ ಗಾಲಿಯ ಎತ್ತರ ಒಂದೂವರೆ ಮೀಟರ್ ಆದರೆ 26 ಡಿಗ್ರಿ ಇದ್ದದ್ದು 21ಕ್ಕೆ ಇಳಿಯುತ್ತದೆ. ಬೆಂಗಳೂರಿನ ಐಐಎಂನ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಯನ್ನು ದೇಶದ ಪ್ರಶ್ನೆಯಾಗಿ ಎತ್ತಿದರು. ಗಾಡಿಯನ್ನು ಎಳೆಯುವ ಪ್ರಾಣಿಯ ಕಡೆಯಿಂದ ನೋಡಿದ ಅಪರೂಪದ ತಂತ್ರಜ್ಞರು ಅವರು. ಟೈರ್ ಗಾಡಿ ಬಂದ ಮೇಲೆ ಕಲ್ಲಿನ ಒದೆತವನ್ನು ಗಾಳಿ ನುಂಗಿತು. ಆದರೆ ಟೈರಿದೆಯೆಂದು ಎರಡು ಪಟ್ಟು ಹೇರಿದರೆ ಎತ್ತಿಗೆ ಉಳಿದದ್ದೇನು?

ಜಟಕಾದಲ್ಲಿ ಕೂತವರಿಗೆಲ್ಲ ಗಾಡಿ ಓಡಿಸುತ್ತಿದ್ದ ಸಾಹೇಬರ ಆ ಕೂಗು ನೆನಪಿರಬೇಕು: “ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ, ಅಮ್ಮಾವ್ರೆ ನೀವು ಹಿಂದಕ್ಕೆ ಸರೀರಿ.” ಅವರ ಕಣ್ಣಿರುತ್ತಿದ್ದದ್ದು ಕುದುರೆಯ ಬೆನ್ನ ಮೇಲೆ. ಮೂಕಿ ಬೆನ್ನನ್ನು ಅದುಮಲೂ ಬಾರದು, ಮೇಲಕ್ಕೆ ಎಗರಿ ಹೊಟ್ಟೆಪಟ್ಟಿಯನ್ನು ಜಗ್ಗಲೂ ಬಾರದು. ಯಾವ ಪುಸ್ತಕವನ್ನೂ ಓದದೆ ಅವರು ಕಲಿತಿದ್ದ ಈ ವಿದ್ಯೆಯಿಂದಲೇ ಸ್ಪ್ರಿಂಗಿನ ಪರೀಕ್ಷೆಯೂ ಶುರುವಾಗಬೇಕು. ಇಂದು ಮೈಸೂರಿನಲ್ಲಿ ಪ್ರವಾಸಿಗರಿಗಾಗಿ ಓಡುವ ಟಾಂಗಾ ಇರಲಿ, ಮದುವೆ ಮೆರವಣಿಗೆಯ ಸಾರೋಟಿರಲಿ, ಸ್ಪ್ರಿಂಗಿನ ಪಟ್ಟಿ ಬದಲಿಸಿದ ಮೇಲೆ ಸೀಟಿನ ಮೇಲೆ ಕುಪ್ಪಳಿಸಿ ನೋಡಿ ಸಾಕೆನ್ನುವುದು ತಪ್ಪು. ದಿನದ ಭಾರವನ್ನೇ ಹೇರಿ, ಕೆಳಗಿಳಿದು, ಕುದುರೆಯ ಪಕ್ಕದಲ್ಲಿ ನೂರು ಹೆಜ್ಜೆ ಹಾಕಿ. ಜಗ್ಗುಪಟ್ಟಿ ಹೆಜ್ಜೆಹೆಜ್ಜೆಗೂ ಸಡಿಲವಾಗಿ ಮತ್ತೆ ಫಟ್ಟನೆ ಬಿಗಿಯುತ್ತಿದ್ದರೆ ಸ್ಪ್ರಿಂಗಿನ ಪಟ್ಟಿ ಬಿಚ್ಚಿ ಮತ್ತೆ ಕೂಡಿಸಿ.