ಭ್ರಮನಿರಸನ ಯಾರದು?

ಸ್ವಾತಂತ್ರ್ಯದ ಹೊತ್ತಿಗೆ ದೇಶ ಕಂಡ ಕನಸು ಎರಡು ದಶಕ ತುಂಬುವ ಮೊದಲೇ ಒಡೆಯಿತು. ಆ ಒಡಕನ್ನು ನವ್ಯ ಸಾಹಿತ್ಯದ ನಾಯಕ ತನ್ನ ಮೈಮನಸ್ಸಿನಲ್ಲಿ ಅನುಭವಿಸಿದ. ನಮ್ಮ ವಿಮರ್ಶೆ ಬಹುಕಾಲ ನೆಚ್ಚಿಕೊಂಡ ಓದು ಇದು. ಆಧಾರವಿಲ್ಲದ ಮಾತೇನಲ್ಲ. ಅನಂತಮೂರ್ತಿ ಹುಟ್ಟಿದ್ದು 1932ರಲ್ಲಿ, ಲಂಕೇಶ್ 1935ರಲ್ಲಿ, ಕಾರ್ನಾಡ್ 1938ರಲ್ಲಿ. 1947ರಲ್ಲಿ ಇವರೆಲ್ಲ ಶಾಲೆಗೆ ಹೋಗುವ ಹುಡುಗರು. ಇವರ ಮೀಸೆ ಚಿಗುರಿದ್ದೂ ಗಣರಾಜ್ಯ ಕಣ್ಣುಬಿಟ್ಟದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ತಮ್ಮ ಬಾಲ್ಯ ಮುಗಿದ ಕತೆಯಲ್ಲಿ ದೇಶದ ಕತೆಯೂ ಅವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಹೋಲಿಕೆ ಕನ್ನಡಕ್ಕೆ ದೊಡ್ಡ ಕೃತಿಗಳನ್ನು ಕೊಟ್ಟಿದೆ. ಆದರೆ ಅದರೊಳಗೆ ಒಂದು ಅನ್ಯಾಯವೂ ಇದೆ. ಕಳೆದುಕೊಳ್ಳಲು ಮುಗ್ಧತೆ ಇದ್ದದ್ದಾದರೂ ಯಾರಿಗೆ ಎಂದು ಕೇಳದೆ, ಕೆಲವರ ಬಾಲ್ಯವನ್ನೇ ಇಡೀ ದೇಶದ ಬಾಲ್ಯವೆಂದು ಅದು ಎಣಿಸಿಬಿಡುತ್ತದೆ.

ಕಾರ್ನಾಡರ 'ತುಘಲಕ್' 1964ರ ನಾಟಕ. ನೆಹರೂ ತೀರಿಕೊಂಡದ್ದೂ ಅದೇ ವರ್ಷ. ನೆಹರೂ ಯುಗದ ಆಶಾಭಂಗಕ್ಕೂ ತುಘಲಕನ ಆಳ್ವಿಕೆಗೂ ಇರುವ ಸಾಮ್ಯವನ್ನು ಕಾರ್ನಾಡರೇ ಗುರುತಿಸಿದ್ದರು. ಹಿಂದೂ ಮುಸ್ಲಿಮರನ್ನು ಒಂದೇ ಕಣ್ಣಿನಿಂದ ನೋಡಬೇಕೆಂದು ಹಂಬಲಿಸುವ ದೊರೆ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುತ್ತಾನೆ, ತಾಮ್ರದ ನಾಣ್ಯ ತರುತ್ತಾನೆ, ಕೊನೆಗೆ ಕೊಲೆಗಳ ನಡುವೆ ಒಂಟಿಯಾಗುತ್ತಾನೆ. ಅವನ ಎದುರಿಗೆ ಕಾರ್ನಾಡರು ಅಗಸ ಅಜೀಜನನ್ನು ನಿಲ್ಲಿಸಿದ್ದಾರೆ. ಮೊದಲ ದೃಶ್ಯದಲ್ಲೇ ಬ್ರಾಹ್ಮಣನ ವೇಷದಲ್ಲಿ ಬಂದು ಸುಲ್ತಾನನ ನ್ಯಾಯದಿಂದ ಲಾಭ ಮಾಡಿಕೊಳ್ಳುವವನು ಅವನು. ದೊರೆಯ ಆದರ್ಶವನ್ನು ಒಂದು ದಿನವೂ ನಂಬದ ಅವನಿಗೆ ಭ್ರಮನಿರಸನವೂ ಇಲ್ಲ. ದೊರೆಗೂ ಅಗಸನಿಗೂ ದೇಶ ಒಂದೇ. ಆ ದೇಶದ ಬಗ್ಗೆ ಅವರಿಗಿರುವ ತಿಳಿವಳಿಕೆ ಒಂದಲ್ಲ. ನಾಟಕಕ್ಕೆ ಇದು ಚೆನ್ನಾಗಿ ಗೊತ್ತಿದೆ. ನೆಹರೂ ಯುಗದ ರೂಪಕವೆಂದಷ್ಟೇ ಓದಿದ ನಾವು ದೊರೆಯ ದುಃಖವನ್ನು ಮಾತ್ರ ಎತ್ತಿಕೊಂಡೆವು.

ತುರ್ತುಪರಿಸ್ಥಿತಿಯ ಗಾಯ ಇನ್ನೂ ಹಸಿಯಾಗಿದ್ದಾಗ, 1978ರಲ್ಲಿ ಬಂದ ಅನಂತಮೂರ್ತಿಯವರ 'ಅವಸ್ಥೆ' ಈ ಹೋಲಿಕೆಯನ್ನು ಇನ್ನಷ್ಟು ನೇರವಾಗಿ ಕಟ್ಟುತ್ತದೆ. ದನ ಕಾಯುತ್ತಿದ್ದ ಹುಡುಗ ಕೃಷ್ಣಪ್ಪಗೌಡ ರೈತ ನಾಯಕನಾಗುತ್ತಾನೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ಕಳೆದದ್ದನ್ನೆಲ್ಲ ನೆನೆಯುತ್ತಾನೆ. ಕಾಗೋಡು ಸತ್ಯಾಗ್ರಹದ ಮುಂದಾಳು ಶಾಂತವೇರಿ ಗೋಪಾಲಗೌಡರ (1923–1972) ಛಾಯೆ ಆ ಪಾತ್ರದ ಮೇಲಿದೆ. ಈ ನಾಯಕನ ಪತನಕ್ಕೆ ಒಂದು ತಾರೀಖು ಇಲ್ಲ. ಸಣ್ಣ ಸಣ್ಣ ಉಪಕಾರಗಳನ್ನು ಒಪ್ಪಿಕೊಳ್ಳುತ್ತ ಅವನು ಬದಲಾಗುತ್ತಾನೆ. ಸಮಾಜವಾದಿ ಚಳವಳಿಯ ಆತ್ಮಪರೀಕ್ಷೆಯಾಗಿ ಇದಕ್ಕೆ ಸಮನಾದ ಕಾದಂಬರಿ ಕನ್ನಡದಲ್ಲಿ ಅಪರೂಪ. ಆದರೂ ಇಲ್ಲಿ ನಾಡು ಕೆಟ್ಟದ್ದು ನಮಗೆ ತಿಳಿಯುವುದು ಒಬ್ಬ ಗಂಡಸಿನ ಅಂತರಂಗ ನೊಂದಾಗ. ಅವನ ಸಿಡುಕಿನಡಿ ದಿನ ಕಳೆಯುವ ಹೆಂಡತಿ ಸೀತೆಗೆ ಈ ವ್ಯವಸ್ಥೆಯ ಬಗ್ಗೆ ಯಾವಾಗಲಾದರೂ ಭ್ರಮೆ ಇತ್ತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯಂತ ಪ್ರಾಮಾಣಿಕ ಕೃತಿ ಅನಂತಮೂರ್ತಿಯವರೇ ಅದಕ್ಕೂ ಮೊದಲು ಬರೆದ 'ಘಟಶ್ರಾದ್ಧ'. ವೇದ ಕಲಿಯಲು ಬಂದ ಪುಟ್ಟ ಹುಡುಗ, ಬಸುರಾದ ವಿಧವೆ ಯಮುನಕ್ಕನನ್ನು ಅಗ್ರಹಾರ ಹೊರಹಾಕುವುದನ್ನು ಕಾಣುತ್ತಾನೆ. ಬದುಕಿರುವವಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಹುಡುಗ ಅಲ್ಲಿಂದ ಮನೆಗೆ ಹೊರಡುತ್ತಾನೆ. ಅವಳಿಗೆ ಹೋಗಲು ಮನೆಯಿಲ್ಲ. ಅವನಿಗೆ ಬಂದ ತಿಳಿವಿಗೆ ಬೆಲೆ ತೆತ್ತವಳು ಅವಳು. ಗಿರೀಶ ಕಾಸರವಳ್ಳಿಯವರ 1977ರ ಚಿತ್ರ, ಸ್ವರ್ಣಕಮಲ ಪಡೆದದ್ದು, ಈ ಲೆಕ್ಕವನ್ನು ಎಲ್ಲಿಯೂ ಮರೆಸುವುದಿಲ್ಲ.

ಈ ಲೆಕ್ಕವನ್ನು ತಿರುಗಿಸಿ ಹಾಕಿದವರು ದಲಿತ ಲೇಖಕರು. ಮಾಗಡಿ ಸೀಮೆಯಿಂದ ಬಂದು, ರಾಜಾಜಿನಗರಕ್ಕೆ ತಾಗಿದ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯಲ್ಲೂ ಒಬ್ಬ ಹುಡುಗ ಕಣ್ಣುಬಿಡುತ್ತಾನೆ. ಅವನಿಗೆ ಕಾಣುವುದು ಎತ್ತುಗಳ ಬದಲು ನೊಗಕ್ಕೆ ಹೆಗಲು ಕೊಟ್ಟ ಇಬ್ಬರು ಮನುಷ್ಯರು. ಅವರಲ್ಲೊಬ್ಬ ಅವನ ಅಪ್ಪ. ಇಲ್ಲಿ ಬಾಲ್ಯ ಮುಗಿದು ಸತ್ಯ ತಿಳಿಯುವುದಲ್ಲ, ಬಾಲ್ಯ ಶುರುವಾಗುವುದೇ ಸತ್ಯದಿಂದ. ತುರ್ತುಪರಿಸ್ಥಿತಿ ಹೇರಿದ 1975ರಲ್ಲೇ ಬಂದದ್ದು ಅವರ 'ಹೊಲೆಮಾದಿಗರ ಹಾಡು'. ನವ್ಯದ ನಾಯಕ ಪ್ರಜಾಪ್ರಭುತ್ವ ಕೈಬಿಟ್ಟಿತೆಂದು ಮರುಗುತ್ತಿದ್ದ ಕಾಲದಲ್ಲಿ, ಅದು ತನ್ನ ಕೇರಿಗೆ ಇನ್ನೂ ಬಂದೇ ಇಲ್ಲವೆಂದು ಈ ಕವಿ ಸಿಟ್ಟಾದರು. ಎರಡೂ ನಿಜ. ಆದರೆ ಮೊದಲನೆಯದಷ್ಟನ್ನೇ ನಾವು ದೇಶದ ಕತೆ ಎಂದೆವು, ಎರಡನೆಯದನ್ನು ಒಂದು ಸಮುದಾಯದ ಕತೆ ಎಂದೆವು. ನಮ್ಮ ವಿಮರ್ಶೆ ತಿದ್ದಿಕೊಳ್ಳಬೇಕಾದದ್ದು ಇಲ್ಲಿ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಈ ವಾದವನ್ನು ನಮ್ಮ ಕಾಲಕ್ಕೆ ತಂದು ನಿಲ್ಲಿಸುತ್ತದೆ. ಬೆಂಗಳೂರಿನ ಇಕ್ಕಟ್ಟಾದ ಮನೆಯೊಂದರಿಂದ ಮಸಾಲೆ ವ್ಯಾಪಾರದ ಬಲದಲ್ಲಿ ದೊಡ್ಡ ಮನೆಗೆ ಹೋದ ಕುಟುಂಬ ಅದು. ದುಡಿಯುವವನು ಚಿಕ್ಕಪ್ಪ, ದುಡ್ಡು ಹೇಗೆ ಕಾವಲು ಕಾಯಿಸಿಕೊಳ್ಳುತ್ತದೆಂದು ಯಾರೂ ಕೇಳುವುದಿಲ್ಲ. ಕೆಲಸ ಮಾಡದೆ ಸಂಬಳ ಪಡೆಯುವ ನಿರೂಪಕ ಕಾಫಿ ಹೌಸಿನಲ್ಲಿ ಕೂತು ಏನೂ ಅರಿಯದವನಂತಿರುತ್ತಾನೆ. ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಓರಾಯನ್ ಮಾಲ್ ಎದ್ದದ್ದನ್ನು ನೋಡಿದ, ವಠಾರ ಬಿಟ್ಟು ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮೂರಂತಸ್ತು ಕಟ್ಟಿಸಿದ ಮನೆಗಳವರಿಗೆ ಈ ಕುಟುಂಬ ಅಪರಿಚಿತವಲ್ಲ. ತುಘಲಕ, ಕೃಷ್ಣಪ್ಪ ಇಬ್ಬರೂ ಸತ್ಯ ಕಂಡು ನರಳಿದರು. ಇವನು ಕಾಣದಿರಲು ಶ್ರಮಪಡುತ್ತಾನೆ. ಮುಗ್ಧತೆ ಇಲ್ಲಿ ಕಳೆದುಹೋಗುವುದಿಲ್ಲ. ಅದನ್ನು ಜೋಪಾನವಾಗಿ ಸಾಕಲಾಗುತ್ತದೆ.

ದೇಶವನ್ನು ಮಗುವಿಗೆ ಹೋಲಿಸುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ. ಮಗುವಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ದೇಶದಲ್ಲಿ ಗೊತ್ತಿದ್ದವರು ಯಾವಾಗಲೂ ಇರುತ್ತಾರೆ, ಅವರ ಮಾತಿಗೆ ಕಿವಿಗೊಡದವರೂ ಇರುತ್ತಾರೆ. ಇದು ನವ್ಯವನ್ನು ಬದಿಗಿಡಬೇಕೆಂಬ ವಾದವಲ್ಲ. ಆ ಕೃತಿಗಳಿಂದಲೇ ಓದು ಕಲಿತವನ ಬೇಡಿಕೆ. ಅನಂತಮೂರ್ತಿಯವರ ಕೊನೆಯ ಪಯಣ 2014ರಲ್ಲಿ, ಸಿದ್ಧಲಿಂಗಯ್ಯನವರದು 2021ರಲ್ಲಿ, ಜ್ಞಾನಭಾರತಿಯ ಕಲಾಗ್ರಾಮದಲ್ಲೇ ಮುಗಿಯಿತು. ನಮ್ಮ ತರಗತಿಗಳಲ್ಲಿ ಮಾತ್ರ ಒಬ್ಬರು ನವ್ಯದ ಪತ್ರಿಕೆಗೆ, ಇನ್ನೊಬ್ಬರು ದಲಿತ ಸಾಹಿತ್ಯದ ಪತ್ರಿಕೆಗೆ ಹಂಚಿಹೋಗಿದ್ದಾರೆ. 'ಘಟಶ್ರಾದ್ಧ'ದ ಹುಡುಗನನ್ನೂ 'ಊರುಕೇರಿ'ಯ ಹುಡುಗನನ್ನೂ ಒಂದೇ ಪಾಠದಲ್ಲಿ ಕೂರಿಸಿ ಓದಿಸಬೇಕು. ಇಬ್ಬರೂ ಕಂಡದ್ದು ಸೇರಿದಾಗಲೇ ಅದನ್ನು ದೇಶದ ಅನುಭವ ಎನ್ನುವ ಹಕ್ಕು ನಮಗೆ ಬರುತ್ತದೆ.