ಲೋಟದ ಬಾಯಿ ದುಂಡಗಿಲ್ಲ

ಚಿತ್ರಪ್ರದರ್ಶನಕ್ಕೆ ಹೋದವರು ನಿಸರ್ಗಚಿತ್ರದ ಮುಂದೆ ನಿಲ್ಲುತ್ತಾರೆ, ಭಾವಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನಾಲ್ಕು ಹಣ್ಣು, ಒಂದು ಹೂಜಿ ಇರುವ ಚಿತ್ರ ಬಂದರೆ ‘ಚೆನ್ನಾಗಿದೆ’ ಅಂದು ಮುಂದಕ್ಕೆ ನಡೆಯುತ್ತಾರೆ. ವಸ್ತುಚಿತ್ರದ, ಅಂದರೆ ಸ್ಟಿಲ್ ಲೈಫ್‌ನ ಪಾಡು ಹಿಂದಿನಿಂದಲೂ ಇದೇ. 17ನೇ ಶತಮಾನದ ಫ್ರಾನ್ಸಿನ ರಾಜಾಶ್ರಯದ ಕಲಾ ಅಕಾಡೆಮಿ ಪುರಾಣ, ಇತಿಹಾಸದ ಚಿತ್ರಗಳಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿ, ಇದನ್ನು ಕೊನೆಯ ಪಂಕ್ತಿಗೆ ತಳ್ಳಿತ್ತು.

ಕಥೆಯಿಲ್ಲದ ಚಿತ್ರದಲ್ಲಿ ಏನು ನೋಡಬೇಕೆಂದು ತೋಚದಿರುವುದು ಸಹಜ. ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ: ನೀವೇ ಒಂದು ಲೋಟ ಬರೆದು ನೋಡಿ. ಚಿತ್ರ ಕೆಟ್ಟರೂ ಚಿಂತೆಯಿಲ್ಲ, ಕಣ್ಣು ಪಳಗುತ್ತದೆ.

ಜೋಡಣೆ

ಒಂದು ಪಿಂಗಾಣಿ ಲೋಟ, ಒಂದು ಬೆಳ್ಳುಳ್ಳಿ ಗಡ್ಡೆ, ಒಂದು ಟೊಮೆಟೊ ಸಾಕು. ಸ್ಟೀಲ್ ಲೋಟ ಇಡೀ ಅಡುಗೆಮನೆಯನ್ನು ಮೈಮೇಲೆ ತೋರಿಸಿ ತಲೆ ಕೆಡಿಸುತ್ತದೆ. ಗಾಜು ಇನ್ನೂ ಕಷ್ಟ. ಎರಡೂ ಸದ್ಯಕ್ಕೆ ಬೇಡ. ಕಿಟಕಿಯ ಪಕ್ಕದಲ್ಲಿಡಿ, ಟ್ಯೂಬ್‌ಲೈಟ್ ಆರಿಸಿ. ಬೆಳಕು ಎರಡು ಕಡೆಯಿಂದ ಬಂದರೆ ನೆರಳೂ ಎರಡಾಗಿ ಗೊಂದಲ. ಮೂರನ್ನೂ ಸಾಲಾಗಿ ನಿಲ್ಲಿಸಬೇಡಿ. ಬೆಳ್ಳುಳ್ಳಿ ಲೋಟಕ್ಕೆ ತುಸು ಅಡ್ಡ ಬರಲಿ, ಟೊಮೆಟೊ ಸ್ವಲ್ಪ ದೂರ ಇರಲಿ.

ಬಾಯಿ

ನನ್ನ ಮೊದಲ ಲೋಟವನ್ನು ಮಗಳು ನೋಡಿ, “ಅಪ್ಪಾ, ಕಾಫಿ ಚೆಲ್ಲುತ್ತೆ” ಅಂದಳು. ಲೋಟದ ಬಾಯಿ ದುಂಡಗೆಂದು ಮನಸ್ಸಿಗೆ ಗೊತ್ತಲ್ಲ, ದುಂಡಗೇ ಬರೆದಿದ್ದೆ. ಮೇಜಿನ ಮೇಲೆ ಕೂರುವ ತಳವನ್ನು ಸ್ಕೇಲಿಟ್ಟಂತೆ ನೆಟ್ಟಗೆ ಎಳೆದಿದ್ದೆ. ಎರಡೂ ತಪ್ಪು.

ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ: ಬಾಯಿ ಬರಿಯ ಗೆರೆ. ನಿಧಾನವಾಗಿ ಇಳಿಸಿ: ಗೆರೆ ಅರಳಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಣ್ಣಿನಿಂದ ಕೆಳಗಿಳಿದಷ್ಟೂ ಅರಳುತ್ತದೆ. ಹಾಗಾಗಿ ಕೂತು ನೋಡುವಾಗ ಬಾಯಿಗಿಂತ ತಳದ ಬಾಗು ಹೆಚ್ಚು. ಇದು ಕೈಗೆ ಬರಲು ನನಗೆ ಮೂರು ವಾರ ಹಿಡಿಯಿತು.

ನೆರಳು

ಕಣ್ಣು ಕಿರಿದು ಮಾಡಿ ನೋಡಿ. ಲೋಟ ಮೇಜಿಗೆ ತಾಗುವಲ್ಲಿ ಕೂದಲೆಳೆಯಷ್ಟು ಜಾಗ ಎಲ್ಲಕ್ಕಿಂತ ಕಪ್ಪು. ದೂರ ಹೋದಂತೆ ನೆರಳಿನ ಅಂಚು ಕರಗುತ್ತದೆ. ಟೊಮೆಟೊದ ಕತ್ತಲ ಬದಿಯಲ್ಲಿ, ಬುಡದ ಹತ್ತಿರ, ಮಂದ ಬೆಳಕೊಂದಿದೆ: ಮೇಜಿನಿಂದ ಪುಟಿದು ಬಂದದ್ದು. ಅದನ್ನು ಬಿಟ್ಟರೆ ಹಣ್ಣು ಚಪ್ಪಟೆ. ಬಣ್ಣಕ್ಕೆ ಇಳಿದಾಗ ಕೆಂಪನ್ನು ಕಪ್ಪು ಹಾಕಿ ಮಬ್ಬಾಗಿಸಲು ಹೋದರೆ ಸೀದ ಟೊಮೆಟೊ ಸಿಗುತ್ತದೆ. ಚಿಟಿಕೆ ಹಸಿರು ಬೆರೆಸಿ. ಜಲವರ್ಣದಲ್ಲಿ ಬೆಳ್ಳುಳ್ಳಿಯ ಬಿಳುಪೆಂದರೆ ಬಣ್ಣ ಮುಟ್ಟಿಸದೆ ಉಳಿಸಿಕೊಂಡ ಕಾಗದವೇ.

ಈಗ ನೋಡಿ

ಇಷ್ಟು ಒದ್ದಾಡಿದ ಮೇಲೆ ಫ್ರಾನ್ಸಿನ ಶಾರ್ದಾನ್ 1760ರ ಸುಮಾರಿಗೆ ಬರೆದ ಚಿತ್ರವೊಂದನ್ನು ತೆರೆಯಿರಿ. ಮೂಲ ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂನಲ್ಲಿದೆ. ಒಂದು ಲೋಟ ನೀರು, ಒಂದು ಕಾಫಿ ಪಾತ್ರೆ, ಬೆಳ್ಳುಳ್ಳಿ, ಅಷ್ಟೇ. ನಾವು ಹೆದರಿ ಬದಿಗಿಟ್ಟ ಗಾಜು ಅಲ್ಲಿ ನಿರಾಳವಾಗಿ ನಿಂತಿದೆ, ಪಕ್ಕದಲ್ಲಿ ಮಸಿಬಣ್ಣದ ಪಾತ್ರೆ. ಕೊನೆಯ ಪಂಕ್ತಿಯ ಈ ಚಿತ್ರಕಾರನನ್ನು ಅದೇ ಅಕಾಡೆಮಿ 1728ರಲ್ಲಿ ಸದಸ್ಯನನ್ನಾಗಿ ಸೇರಿಸಿಕೊಂಡಿತು.

ಮಿಲಾನಿನಲ್ಲಿರುವ ಕಾರವಾಜ್ಯೋನ ಹಣ್ಣಿನ ಬುಟ್ಟಿಯಲ್ಲಿ ಸೇಬಿಗೆ ಹುಳ ಕೊರೆದಿದೆ, ಎಲೆ ಒಣಗಿದೆ. ಕಂಡದ್ದನ್ನು ತಿದ್ದದ ಕಣ್ಣು ಅದು. ಬೊಲೊನ್ಯಾದ ಮೊರಾಂಡಿ (1890–1964) ಅವವೇ ಸೀಸೆಗಳನ್ನು ದಶಕಗಟ್ಟಲೆ ಅಲ್ಲಿಂದಿಲ್ಲಿಗೆ ಸರಿಸಿ ಬರೆದ. ಅವನಲ್ಲಿ ಸೀಸೆಗಳ ನಡುವಿನ ಸಂದುಗಳನ್ನು ನೋಡಬೇಕು. ನಿಮ್ಮ ಟೊಮೆಟೊವನ್ನು ಒಂದಂಗುಲ ಸರಿಸಿ ನೋಡಿ, ಅವನ ಹಟ ಅರ್ಥವಾಗುತ್ತದೆ.

ಸೆಜಾನ್‌ನದು ಬೇರೆಯೇ ದಾರಿ. ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿರುವ ಅವನ ಸೇಬು, ಕಿತ್ತಳೆಯ ಚಿತ್ರದಲ್ಲಿ ತಟ್ಟೆ ನಮ್ಮ ಕಡೆಗೆ ವಾಲಿದೆ, ಹಣ್ಣು ಇನ್ನೇನು ಉರುಳೀತು. ನನ್ನ ಲೋಟದ ತಪ್ಪೇ! ಆದರೆ ಅವನ ಮುದುರಿದ ಬಿಳಿ ಬಟ್ಟೆ ಕೆಳಗಿನಿಂದ ಎಲ್ಲವನ್ನೂ ತಡೆದು ನಿಲ್ಲಿಸಿದೆ. ನನ್ನ ಕಾಫಿಗೆ ಅಂಥ ಆಸರೆ ಇರಲಿಲ್ಲ. ನಿಯಮ ಮುರಿದವನಿಗೂ ನಿಯಮ ತಿಳಿಯದವನಿಗೂ ಇರುವ ವ್ಯತ್ಯಾಸ ನನಗೆ ಕಂಡದ್ದು ಅಲ್ಲಿ.

ಮುಂದಿನ ಸಲ ವಸ್ತುಚಿತ್ರದ ಎದುರು ನಿಂತಾಗ, ಲೋಟವೋ ಹಣ್ಣೋ ಮೇಜಿಗೆ ತಾಗುವ ಆ ಕೂದಲೆಳೆ ಜಾಗವನ್ನು ಮೊದಲು ಹುಡುಕಿ. ಬರೆದವರು ಎಷ್ಟು ಹೊತ್ತು ಕೂತು ನೋಡಿದ್ದರೆಂದು ಅಲ್ಲೇ ಗೊತ್ತಾಗುತ್ತದೆ.